ಟಲ್, ವಾಲ್ಟರ್ (1888–1918)

ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಬ್ರಿಟಿಷ್ ಸೇನಾಧಿಕಾರಿ. ಪೂರ್ಣ ಹೆಸರು ವಾಲ್ಟರ್ ಡೇನಿಯಲ್ ಜಾನ್ ಟಲ್. ಬಾರ್ಬಡೋಸ್ ದ್ವೀಪದಿಂದ ವಲಸೆ ಬಂದ ತಂದೆಗೂ ಕೆಂಟ್ ಪ್ರಾಂತ್ಯದ ಇಂಗ್ಲಿಷ್ ತಾಯಿಗೂ ಹುಟ್ಟಿದ ಈತ ಒಂಬತ್ತನೆಯ ವಯಸ್ಸಿಗೇ ತಬ್ಬಲಿಯಾಗಿ ಲಂಡನ್ನಿನ ಅನಾಥಾಶ್ರಮವೊಂದರಲ್ಲಿ ಬೆಳೆದ. ಕ್ಲಾಪ್ಟನ್, ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಮತ್ತು ನಾರ್ತಾಂಪ್ಟನ್ ಟೌನ್ ತಂಡಗಳ ಪರ ಆಡಿದ. 1914ರ ಡಿಸೆಂಬರಿನಲ್ಲಿ ಸೇನೆ ಸೇರಿ, ಸಾಮಾನ್ಯ ಸಿಪಾಯಿಯ ಮಟ್ಟದಿಂದ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆಯವರೆಗೆ ಏರಿದ. ಅಚ್ಚ ಯೂರೋಪಿಯನ್ ವಂಶದವರಿಗಷ್ಟೇ ಅಧಿಕಾರಿ ಪದವಿ ಎಂಬ ನಿಯಮ ಜಾರಿಯಲ್ಲಿದ್ದಾಗಲೇ ಈತನಿಗೆ ಆ ಪದವಿ ಸಿಕ್ಕಿತು. 1918ರ ಮಾರ್ಚ್ 25ರಂದು ಉತ್ತರ ಫ್ರಾನ್ಸಿನ ಫಾವ್ರೇ ಹಳ್ಳಿಯ ಬಳಿ ಗುಂಡೇಟಿಗೆ ಬಲಿಯಾದಾಗ ಈತನಿಗೆ 29 ವರ್ಷ.

ಬಾಲ್ಯ

ಟಲ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲಿಷ್ ಕಡಲ್ಗಾಲುವೆಯ ದಡದ ಫೋಕ್‌ಸ್ಟನ್ ಪಟ್ಟಣದಲ್ಲಿ. ತಂದೆ ಡೇನಿಯಲ್ ಟಲ್ ಬಡಗಿ. ಆತನ ಹಿರಿಯರು ಬಾರ್ಬಡೋಸಿನ ಕಬ್ಬಿನ ತೋಟಗಳ ಗುಲಾಮಗಿರಿಯನ್ನು ಕಂಡವರು. ಡೇನಿಯಲ್ 1876ರಲ್ಲಿ ಇಂಗ್ಲೆಂಡಿಗೆ ಬಂದು, ಫೋಕ್‌ಸ್ಟನ್ನಿನಲ್ಲಿ ನೆಲೆ ನಿಂತು, ಅಲ್ಲಿಯ ಆಲಿಸ್ ಎಲಿಜಬೆತ್ ಪಾಮರ್ ಎಂಬವಳನ್ನು ಮದುವೆಯಾದ. ಕುಟುಂಬ ಮೆಥಡಿಸ್ಟ್ ಚರ್ಚಿಗೆ ಸೇರಿತ್ತು.

1895ರಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ಡೇನಿಯಲ್ ಮರುವರ್ಷ ಆಕೆಯ ಸೋದರ ಸಂಬಂಧಿ ಕ್ಲಾರಾಳನ್ನು ಮದುವೆಯಾದ; ಅವರಿಗೊಂದು ಹೆಣ್ಣು ಮಗುವಾಯಿತು. 1897ರ ಕೊನೆಯಲ್ಲಿ ಡೇನಿಯಲ್ ಹೃದ್ರೋಗದಿಂದ ಸತ್ತ. ಮನೆತುಂಬ ಮಕ್ಕಳು, ದುಡಿಯುವ ಕೈ ಇಲ್ಲ. ಹೊತ್ತುಹೊತ್ತಿಗೆ ಎಲ್ಲರ ಹೊಟ್ಟೆ ತುಂಬಿಸುವುದು ಕ್ಲಾರಾಳಿಂದಾಗದ ಮಾತಾಯಿತು. ಚರ್ಚಿನವರ ಸಲಹೆಯಂತೆ ವಾಲ್ಟರ್ ಮತ್ತು ಅವನಿಗಿಂತ ಎರಡು ವರ್ಷ ಹಿರಿಯನಾದ ಎಡ್ವರ್ಡ್ ಇಬ್ಬರನ್ನೂ 1898ರಲ್ಲಿ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಮೆಥಡಿಸ್ಟ್ ಅನಾಥಾಶ್ರಮಕ್ಕೆ ಸೇರಿಸಲಾಯಿತು.

ಆಶ್ರಮದ ಗಾಯನ ತಂಡ ಊರೂರು ತಿರುಗಿ ಹಾಡಿ ಚಂದಾ ಎತ್ತುತ್ತಿತ್ತು. ಇಂಥದೊಂದು ಪ್ರವಾಸದಲ್ಲಿ ಎಡ್ವರ್ಡ್ ಗ್ಲಾಸ್ಗೋದ ವಾರ್ನಾಕ್ ಕುಟುಂಬದ ಕಣ್ಣಿಗೆ ಬಿದ್ದ. ಅವರು 1900ರಲ್ಲಿ ಅವನನ್ನು ದತ್ತು ತೆಗೆದುಕೊಂಡರು. ಮುಂದೆ ಆತ ಎಡ್ವರ್ಡ್ ಟಲ್-ವಾರ್ನಾಕ್ ಎಂಬ ಹೆಸರಿನಲ್ಲಿ ದಂತವೈದ್ಯನಾದ. ಬ್ರಿಟನ್ನಿನಲ್ಲಿ ಈ ವೃತ್ತಿಗೆ ಬಂದ ಮೊದಲ ಕಪ್ಪು ವೈದ್ಯರಲ್ಲಿ ಅವನೂ ಒಬ್ಬ. ಬೇರೆಬೇರೆ ಊರಿನಲ್ಲಿದ್ದರೂ ಅಣ್ಣತಮ್ಮಂದಿರ ಪತ್ರವ್ಯವಹಾರ ಕೊನೆಯವರೆಗೂ ನಡೆಯಿತು. ವಾಲ್ಟರ್ ಆಶ್ರಮದಲ್ಲೇ ಉಳಿದು ಮುದ್ರಣದ ಕೆಲಸ ಕಲಿತ, ಆಶ್ರಮದ ಫುಟ್‌ಬಾಲ್ ತಂಡದಲ್ಲಿ ಆಡಿದ.

ಕ್ಲಾಪ್ಟನ್ ಮತ್ತು ಟಾಟನ್‌ಹ್ಯಾಮ್

1908ರಲ್ಲಿ ಟಲ್ ಪೂರ್ವ ಲಂಡನ್ನಿನ ಹವ್ಯಾಸಿ ಕ್ಲಬ್ಬಾದ ಕ್ಲಾಪ್ಟನ್ ಸೇರಿದ. ಕೆಲವೇ ತಿಂಗಳಲ್ಲಿ ಮೊದಲ ತಂಡದಲ್ಲಿ ಕಾಯಂ ಜಾಗ ಸಿಕ್ಕಿತು. ಆ ಋತುವಿನಲ್ಲಿ ಕ್ಲಾಪ್ಟನ್ ಎಫ್‌ಎ ಅಮೆಚೂರ್ ಕಪ್, ಲಂಡನ್ ಸೀನಿಯರ್ ಕಪ್ ಮತ್ತು ಲಂಡನ್ ಕೌಂಟಿ ಅಮೆಚೂರ್ ಕಪ್ ಮೂರನ್ನೂ ಗೆದ್ದಿತು. ಕ್ರೀಡಾ ಪತ್ರಿಕೆಗಳು ಟಲ್‌ನನ್ನು ಆ ವರ್ಷದ ಅತ್ಯುತ್ತಮ ಹೊಸಬ ಎಂದು ಹೊಗಳಿದವು.

1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡ ಎರಡನೆಯ ಡಿವಿಷನ್ನಿನಿಂದ ಮೊದಲ ಡಿವಿಷನ್ನಿಗೆ ಬಡ್ತಿ ಪಡೆದಿತ್ತು. ಆ ಬೇಸಗೆಯಲ್ಲಿ ಅದು ಅರ್ಜೆಂಟೀನ ಮತ್ತು ಉರುಗ್ವೆಗಳಿಗೆ ಪ್ರವಾಸ ಹೊರಟಾಗ ಟಲ್‌ನನ್ನೂ ಕರೆದೊಯ್ದಿತು. ಎವರ್ಟನ್ ತಂಡವೂ ಆಗ ಅಲ್ಲಿಗೆ ಹೋಗಿತ್ತು. ಪ್ರವಾಸ ಮುಗಿದ ಮೇಲೆ ಟಲ್ ವೃತ್ತಿಪರನಾಗಿ ಸಹಿ ಹಾಕಿದ. ಸಹಿಯ ಹಣ 10 ಪೌಂಡು, ವಾರದ ಸಂಬಳ 4 ಪೌಂಡು. ಅಂದಿನ ನಿಯಮದಲ್ಲಿ ಯಾವ ಆಟಗಾರನಿಗೂ ಇದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಮುದ್ರಣಾಲಯದಲ್ಲಿ ಕೆಲಸ ಕಲಿತ ಹುಡುಗನಿಗೆ ಇದು ದೊಡ್ಡ ಮೊತ್ತ.

ಮೊದಲ ಡಿವಿಷನ್ನಿನಲ್ಲಿ ಟಲ್ ಮೊದಲು ಆಡಿದ್ದು 1909ರ ಸೆಪ್ಟೆಂಬರಿನಲ್ಲಿ, ಸಂಡರ್ಲೆಂಡ್ ವಿರುದ್ಧ, ಅವರದೇ ಮೈದಾನದಲ್ಲಿ. ಮುಂದೆ ಟಾಟನ್‌ಹ್ಯಾಮ್‌ನ ತವರು ಮೈದಾನವಾದ ವೈಟ್ ಹಾರ್ಟ್ ಲೇನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಆಟ ಎರಡೆರಡು ಗೋಲುಗಳ ಸಮದಲ್ಲಿ ಮುಗಿಯಿತು. ಆಗ ಟಲ್‌ನದು ಇನ್‌ಸೈಡ್ ಫಾರ್ವರ್ಡ್ ಸ್ಥಾನ. ಅಂದಿನ ಐದು ಮಂದಿಯ ಮುಂಚೂಣಿಯಲ್ಲಿ ಮಧ್ಯದವನಿಗೂ ಅಂಚಿನವನಿಗೂ ನಡುವೆ ನಿಂತು ಚೆಂಡು ಹೊಂದಿಸಿಕೊಡುವ ಕೆಲಸ ಅದು. ಚುರುಕು ಓಟಕ್ಕಿಂತ ಚೆಂಡಿನ ಮೇಲಿನ ಹತೋಟಿ, ಸಹ ಆಟಗಾರ ಎಲ್ಲಿದ್ದಾನೆಂದು ನೋಡಿ ಒದೆಯುವ ಜಾಣ್ಮೆ ಇವು ಈತನ ಬಲ. ಬ್ರಾಡ್‌ಫರ್ಡ್ ಸಿಟಿ ವಿರುದ್ಧ ತನ್ನ ಮೊದಲ ಲೀಗ್ ಗೋಲು ಹೊಡೆದ.

1909ರ ಅಕ್ಟೋಬರ್ 2ರಂದು ಬ್ರಿಸ್ಟಲ್ ಸಿಟಿಯ ಮೈದಾನದಲ್ಲಿ ನಡೆದ ಆಟದಲ್ಲಿ ಪ್ರೇಕ್ಷಕರ ಒಂದು ಗುಂಪು ಟಲ್‌ನ ಬಣ್ಣ ಹಿಡಿದು ಉದ್ದಕ್ಕೂ ಬೈಯಿತು. ‘ಫುಟ್‌ಬಾಲ್ ಸ್ಟಾರ್’ ಪತ್ರಿಕೆಯ ವರದಿಗಾರ ಇದನ್ನು ಮುಚ್ಚಿಡದೆ ಬರೆದ. ಆ ಮಾತುಗಳು ಮೀನು ಮಾರುಕಟ್ಟೆಯ ಬೈಗುಳಕ್ಕಿಂತ ಕೀಳಾಗಿದ್ದವು, ಮೈದಾನದಲ್ಲಿದ್ದ ಮುಂಚೂಣಿ ಆಟಗಾರರಲ್ಲಿ ಟಲ್‌ನೇ ಶ್ರೇಷ್ಠ, ನಡತೆಯಲ್ಲಿ ಆತ ಬಿಳಿಯ ಆಟಗಾರರಿಗೆಲ್ಲ ಮಾದರಿ ಎಂಬುದು ವರದಿಯ ಸಾರ. ಬ್ರಿಟಿಷ್ ಫುಟ್‌ಬಾಲಿನಲ್ಲಿ ಪ್ರೇಕ್ಷಕರ ಜನಾಂಗ ನಿಂದನೆಯನ್ನು ಪತ್ರಿಕೆಯೊಂದು ಇಷ್ಟು ನೇರವಾಗಿ ದಾಖಲಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಇದಾದ ಮೇಲೆ ಟಲ್ ಮೊದಲ ತಂಡದಲ್ಲಿ ಕಾಣಿಸಿಕೊಂಡದ್ದು ಅಪರೂಪ. ಎರಡು ಋತುಗಳಲ್ಲಿ ಆಡಿದ ಲೀಗ್ ಪಂದ್ಯಗಳು ಒಟ್ಟು 10, ಹೊಡೆದ ಗೋಲು 2. ಉಳಿದ ಕಾಲವೆಲ್ಲ ಮೀಸಲು ತಂಡದಲ್ಲಿ ಕಳೆಯಿತು. ಬ್ರಿಸ್ಟಲ್ ಘಟನೆಗೂ ಇದಕ್ಕೂ ಸಂಬಂಧ ಉಂಟೆಂದು ಹಲವು ಇತಿಹಾಸಕಾರರು ಊಹಿಸುತ್ತಾರೆ. ಪತ್ರಿಕೆಗಳು ಆತನ ಆಟವನ್ನು ಮೆಚ್ಚುತ್ತಿದ್ದಾಗಲೇ ಕೈಬಿಟ್ಟದ್ದು ಈ ಊಹೆಗೆ ಬಲ ಕೊಡುತ್ತದೆ.

ನಾರ್ತಾಂಪ್ಟನ್ ಟೌನ್

1911ರ ಅಕ್ಟೋಬರಿನಲ್ಲಿ ಟಲ್ ನಾರ್ತಾಂಪ್ಟನ್ ಟೌನ್ ಕ್ಲಬ್ಬಿಗೆ ವರ್ಗವಾದ. ಆತನನ್ನು ಕರೆಸಿಕೊಂಡವನು ಹರ್ಬರ್ಟ್ ಚ್ಯಾಪ್‌ಮನ್. ಸ್ವತಃ ಟಾಟನ್‌ಹ್ಯಾಮ್‌ನ ಹಳೆಯ ಆಟಗಾರನಾದ ಚ್ಯಾಪ್‌ಮನ್ ಮುಂದೆ ಹಡರ್ಸ್‌ಫೀಲ್ಡ್ ಟೌನ್ ಮತ್ತು ಆರ್ಸೆನಲ್ ತಂಡಗಳಿಗೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟು, ಇಂಗ್ಲೆಂಡಿನ ಅತಿ ಪ್ರಭಾವಿ ತರಬೇತುದಾರನೆನಿಸಿಕೊಂಡವ. ಟಲ್‌ಗಾಗಿ ನಾರ್ತಾಂಪ್ಟನ್ ದೊಡ್ಡ ಮೊತ್ತವನ್ನೇ ಕೊಟ್ಟಿತು. ಜೊತೆಗೆ ತನ್ನ ಆಟಗಾರ ಚಾರ್ಲಿ ಬ್ರಿಟನ್‌ನನ್ನು ಟಾಟನ್‌ಹ್ಯಾಮ್‌ಗೆ ಬಿಟ್ಟುಕೊಟ್ಟಿತು.

ನಾರ್ತಾಂಪ್ಟನ್ ಆಗ ಸದರ್ನ್ ಲೀಗ್‌ನಲ್ಲಿ ಆಡುತ್ತಿತ್ತು. ಫುಟ್‌ಬಾಲ್ ಲೀಗ್‌ನ ಮೊದಲ ಡಿವಿಷನ್ನಿಗಿಂತ ಇದು ಒಂದು ಮೆಟ್ಟಿಲು ಕೆಳಗಿನದಾದರೂ ಪೈಪೋಟಿಗೆ ಕಡಿಮೆಯಿರಲಿಲ್ಲ. ಬ್ರಿಸ್ಟಲ್ ರೋವರ್ಸ್ ವಿರುದ್ಧದ ಒಂದೇ ಆಟದಲ್ಲಿ ಟಲ್ ನಾಲ್ಕು ಗೋಲು ಹೊಡೆದ. ಕ್ರಮೇಣ ಆತನನ್ನು ಮುಂಚೂಣಿಯಿಂದ ಹಿಂದೆ ತಂದು ಹಾಫ್ ಬ್ಯಾಕ್ ಸ್ಥಾನದಲ್ಲಿ ಆಡಿಸಲಾಯಿತು. ಎದುರಾಳಿಯಿಂದ ಚೆಂಡು ಕಸಿದು ಮುಂದಿನವರಿಗೆ ದಾಟಿಸುವ ಆ ಜಾಗ ಆತನ ಸ್ವಭಾವಕ್ಕೆ ಒಗ್ಗಿತು. ಯುದ್ಧ ಬಂದು ಆಟ ನಿಲ್ಲಿಸುವ ಹೊತ್ತಿಗೆ ನಾರ್ತಾಂಪ್ಟನ್ ಪರ 111 ಪಂದ್ಯ ಆಡಿ 9 ಗೋಲು ಗಳಿಸಿದ್ದ. ಟಾಟನ್‌ಹ್ಯಾಮ್ ಹೆಸರಿನೊಂದಿಗೆ ಟಲ್‌ನನ್ನು ನೆನೆಯುವುದೇ ಹೆಚ್ಚಾದರೂ ಆತ ಆಟಗಾರನಾಗಿ ಪಳಗಿದ್ದು ನಾರ್ತಾಂಪ್ಟನ್‌ನಲ್ಲಿ.

ಫುಟ್‌ಬಾಲ್ ಬೆಟಾಲಿಯನ್

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದರೂ ಫುಟ್‌ಬಾಲ್ ಋತು ನಿಲ್ಲಲಿಲ್ಲ. ಗಂಡಾಳುಗಳು ಫ್ರಾನ್ಸಿನಲ್ಲಿ ಸಾಯುತ್ತಿರುವಾಗ ಸಂಬಳ ಪಡೆದು ಚೆಂಡು ಒದೆಯುವುದೇ ಎಂದು ಪತ್ರಿಕೆಗಳಲ್ಲಿ ಟೀಕೆ ಎದ್ದಿತು. ಈ ಟೀಕೆಗೆ ಉತ್ತರವೆಂಬಂತೆ 1914ರ ಡಿಸೆಂಬರ್ 15ರಂದು ಲಂಡನ್ನಿನ ಫುಲ್ಹಮ್ ಟೌನ್ ಹಾಲ್‌ನಲ್ಲಿ ಸಭೆ ಸೇರಿತು. ಸಂಸತ್ ಸದಸ್ಯ ವಿಲಿಯಂ ಜಾಯ್ನ್‌ಸನ್-ಹಿಕ್ಸ್‌ನ ಮುಂದಾಳತ್ವದಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಬೆಟಾಲಿಯನ್ ರೂಪುಗೊಂಡಿತು. ಆಟಗಾರರು, ಕ್ಲಬ್ ಸಿಬ್ಬಂದಿ ಮತ್ತು ಅಭಿಮಾನಿಗಳಿಂದ ಕೂಡಿದ ಇದಕ್ಕೆ ಜನ ಇಟ್ಟ ಹೆಸರು ಫುಟ್‌ಬಾಲ್ ಬೆಟಾಲಿಯನ್. ಮೊದಲು ಹೆಸರು ಬರೆಸಿದವನು ಇಂಗ್ಲೆಂಡ್ ತಂಡಕ್ಕೆ ಆಡಿದ್ದ ಫ್ರ್ಯಾಂಕ್ ಬಕ್ಲಿ. ಕ್ಲಾಪ್ಟನ್ ಓರಿಯಂಟ್ ಕ್ಲಬ್ಬಿನಿಂದ ಆಟಗಾರರ ಗುಂಪೇ ಬಂದು ಸೇರಿತು.

ಟಲ್ ಸೇರಿದ್ದು ಡಿಸೆಂಬರ್ 21ರಂದು. ನಾರ್ತಾಂಪ್ಟನ್ ಆಟಗಾರರಲ್ಲಿ ಸೇನೆಗೆ ಹೋದ ಮೊದಲಿಗ ಆತನೇ. ತರಬೇತಿಯ ತಿಂಗಳುಗಳಲ್ಲಿ ಶನಿವಾರ ತಮ್ಮ ತಮ್ಮ ಕ್ಲಬ್ಬಿಗೆ ಆಡಲು ಈ ಸೈನಿಕರಿಗೆ ರಜೆ ಸಿಗುತ್ತಿತ್ತು. 1915ರ ನವೆಂಬರಿನಲ್ಲಿ ಬೆಟಾಲಿಯನ್ ಫ್ರಾನ್ಸಿಗೆ ಹೋಯಿತು. ಅಷ್ಟರಲ್ಲಿ ಹಂತಹಂತವಾಗಿ ಬಡ್ತಿ ಪಡೆದು ಟಲ್ ಸಾರ್ಜೆಂಟ್ ಆಗಿದ್ದ. ಬಿಳಿಯ ಸಿಪಾಯಿಗಳು ಆತನ ಆಜ್ಞೆಗೆ ಒಳಪಟ್ಟಿದ್ದರು.

ಕಂದಕದ ಜೀವನ ಆತನನ್ನೂ ಬಿಡಲಿಲ್ಲ. ಹಗಲಿರುಳೆನ್ನದ ಫಿರಂಗಿ ದಾಳಿಯ ನಡುವೆ ಕೆಲವು ತಿಂಗಳು ಕಳೆದ ಮೇಲೆ, 1916ರ ಮೇ ತಿಂಗಳಲ್ಲಿ ಟಲ್‌ನನ್ನು ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಕಳುಹಿಸಲಾಯಿತು. ಸೇನಾ ವೈದ್ಯರು ಬರೆದ ರೋಗದ ಹೆಸರು ‘ಅಕ್ಯೂಟ್ ಮೇನಿಯಾ’. ಶೆಲ್ ಶಾಕ್ ಎಂದು ಹೆಸರಾದ ಯುದ್ಧಾಘಾತವನ್ನು ಅಂದಿನ ಕಾಗದಪತ್ರಗಳಲ್ಲಿ ಹೀಗೂ ದಾಖಲಿಸುತ್ತಿದ್ದರು. ನಾಲ್ಕು ತಿಂಗಳೊಳಗೆ ಗುಣ ಹೊಂದಿ ಸೆಪ್ಟೆಂಬರಿನಲ್ಲಿ ಮತ್ತೆ ಫ್ರಾನ್ಸಿಗೆ ಮರಳಿ ಸೋಮ್ ಕದನದ ಕೊನೆಯ ಘಟ್ಟದಲ್ಲಿ ಪಾಲ್ಗೊಂಡ. ಆ ಚಳಿಗಾಲದಲ್ಲಿ ಹೇನುಗಳಿಂದ ಹರಡುವ ಟ್ರೆಂಚ್ ಫೀವರ್ ತಗಲಿ ಎರಡನೆಯ ಬಾರಿ ತಾಯ್ನಾಡಿಗೆ ಬಂದ.

ಅಧಿಕಾರಿ ಪದವಿ

ಚೇತರಿಸಿಕೊಂಡ ಟಲ್‌ನನ್ನು ಮೇಲಧಿಕಾರಿಗಳು ಅಧಿಕಾರಿ ತರಬೇತಿಗೆ ಆರಿಸಿದರು. ಸ್ಕಾಟ್ಲೆಂಡಿನ ಏರ್‌ಷೈರ್‌ನ ಗೇಲ್ಸ್ ಶಿಬಿರದಲ್ಲಿ ತರಬೇತಿ ಮುಗಿಸಿ 1917ರ ಮೇ 30ರಂದು ಸೆಕೆಂಡ್ ಲೆಫ್ಟಿನೆಂಟ್ ಆದ.

ನಿಯಮದ ಪ್ರಕಾರ ಇದು ನಡೆಯಬಾರದ ಸಂಗತಿ. ಕಮಿಷನ್ (ಅಧಿಕಾರಿ ಪದವಿ) ಕೋರುವವನು ಅಚ್ಚ ಯೂರೋಪಿಯನ್ ವಂಶಸ್ಥನಾಗಿರಬೇಕೆಂದು ಸೇನೆ ಷರತ್ತು ಹಾಕಿತ್ತು. 1914ರ ಸೇನಾ ಕಾನೂನು ಕೈಪಿಡಿಯೂ ಕಪ್ಪು ಜನ ಬ್ರಿಟಿಷ್ ಸೈನಿಕರ ಮೇಲೆ ಅಧಿಕಾರಿಗಳಾಗುವುದಕ್ಕೆ ವಿರುದ್ಧವಾಗಿತ್ತು. ಬಿಳಿಯ ಸಿಪಾಯಿಗಳು ಕಪ್ಪು ಅಧಿಕಾರಿಗೆ ವಿಧೇಯರಾಗಿರಲಾರರು ಎಂಬುದು ಇದರ ಹಿಂದಿನ ವಾದ. ಆದರೆ 1916ರ ಕದನಗಳಲ್ಲಿ ಕೆಳದರ್ಜೆಯ ಅಧಿಕಾರಿಗಳು ರಾಶಿರಾಶಿಯಾಗಿ ಸತ್ತಿದ್ದರು. ಶ್ರೀಮಂತ ಶಾಲೆಗಳಿಂದ ಬರುತ್ತಿದ್ದ ಯುವಕರ ಸಂಖ್ಯೆ ಸಾಲದಾಗಿ, ಕದನದಲ್ಲಿ ಪಳಗಿದ ಸಾರ್ಜೆಂಟುಗಳನ್ನೇ ಮೇಲೆತ್ತುವುದು ಅನಿವಾರ್ಯವಾಗಿತ್ತು. ಮುದ್ರಣಾಲಯದಲ್ಲಿ ಬೆರಳಿಗೆ ಮಸಿ ಮೆತ್ತಿಕೊಂಡು ಕೆಲಸ ಕಲಿತ ಅನಾಥ ಹುಡುಗ ಅಧಿಕಾರಿಯಾಗುವುದಕ್ಕೆ ಬಣ್ಣದಷ್ಟೇ ವರ್ಗವೂ ಅಡ್ಡಿಯಾಗಬಹುದಿತ್ತು. ಯುದ್ಧದ ಒತ್ತಡ ಎರಡೂ ಅಡ್ಡಿಗಳನ್ನು ಬದಿಗೆ ಸರಿಸಿತು. ನಿಯಮ ಮಾತ್ರ ಪುಸ್ತಕದಲ್ಲಿ ಹಾಗೇ ಉಳಿಯಿತು.

ಇದೇ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿಯೂ ಈ ಪ್ರಶ್ನೆ ಇತ್ತು. ಭಾರತೀಯರಿಗೆ ಕಾದಾಡುವ ಪಡೆಗಳಲ್ಲಿ ಕಿಂಗ್ಸ್ ಕಮಿಷನ್ ಕೊಡಲಾಗುವುದೆಂದು ಬ್ರಿಟಿಷ್ ಸರ್ಕಾರ ಪ್ರಕಟಿಸಿದ್ದು 1917ರ ಆಗಸ್ಟ್‌ನಲ್ಲಿ, ಟಲ್ ಅಧಿಕಾರಿಯಾದ ಮೂರು ತಿಂಗಳ ಬಳಿಕ. ಕೊಡಗಿನ ಕೆ. ಎಂ. ಕಾರ್ಯಪ್ಪ ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಾಗಿ 1919ರಲ್ಲಿ ಅಧಿಕಾರಿಯಾದದ್ದು ಈ ಬದಲಾವಣೆಯ ಫಲವಾಗಿ.

ಟಲ್ ಬ್ರಿಟಿಷ್ ಸೇನೆಯ ಮೊಟ್ಟಮೊದಲ ಕಪ್ಪು ಅಧಿಕಾರಿ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಮುಂದಿನ ಸಂಶೋಧನೆ ಇದನ್ನು ತಿದ್ದಿದೆ. ಜಮೈಕದಲ್ಲಿ ಹುಟ್ಟಿದ ಜಾರ್ಜ್ ಬೆಮಂಡ್ 1915ರಲ್ಲೇ ಫಿರಂಗಿ ದಳದ ಅಧಿಕಾರಿಯಾಗಿ 1916ರ ಡಿಸೆಂಬರಿನಲ್ಲಿ ಫ್ರಾನ್ಸಿನಲ್ಲಿ ಮಡಿದಿದ್ದ. ಜಮೈಕದವನೇ ಆದ, ಕೇಂಬ್ರಿಜ್‌ನಲ್ಲಿ ಓದಿದ ಡೇವಿಡ್ ಕ್ಲೆಮೆಟ್‌ಸನ್ ಕೂಡ 1915ರಲ್ಲಿ ಅಧಿಕಾರಿಯಾದ. 1918ರ ಸೆಪ್ಟೆಂಬರಿನಲ್ಲಿ ಸತ್ತ. ಇವರಿಬ್ಬರೂ ಅನುಕೂಲಸ್ಥ ಮನೆತನದವರು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ಸಿಪಾಯಿಯಾಗಿ ಸೇರಿ, ಕಂದಕದಲ್ಲಿ ದುಡಿದು ಮೇಲೆ ಬಂದ ಟಲ್‌ನ ದಾರಿ ಅವರದಕ್ಕಿಂತ ಬೇರೆ.

ಇಟಲಿಯಲ್ಲಿ

ಅಧಿಕಾರಿಯಾದ ಮೇಲೆ ಟಲ್‌ನನ್ನು ಎರಡನೆಯ ಫುಟ್‌ಬಾಲ್ ಬೆಟಾಲಿಯನ್ ಎನಿಸಿದ್ದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 23ನೆಯ ಬೆಟಾಲಿಯನ್ನಿಗೆ ನೇಮಿಸಲಾಯಿತು. 1917ರಲ್ಲಿ ಬೆಲ್ಜಿಯಮ್ಮಿನ ಕೆಸರಿನಲ್ಲಿ ನಡೆದ ಮೂರನೆಯ ಈಪ್ರ್ ಕದನದಲ್ಲಿ ಈ ಬೆಟಾಲಿಯನ್ ಹೋರಾಡಿತು. ಅದೇ ಅಕ್ಟೋಬರಿನಲ್ಲಿ ಕಪೊರೆತ್ತೊ ಎಂಬಲ್ಲಿ ಇಟಲಿಯ ಸೇನೆ ಆಸ್ಟ್ರಿಯ–ಜರ್ಮನಿಗಳ ದಾಳಿಗೆ ಸಿಕ್ಕಿ ಪಿಯಾವೆ ನದಿಯವರೆಗೆ ಹಿಮ್ಮೆಟ್ಟಿತು. ಕುಸಿಯುತ್ತಿದ್ದ ಮಿತ್ರನಿಗೆ ಒತ್ತಾಸೆಯಾಗಿ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಪಡೆಗಳನ್ನು ಕಳುಹಿಸಿದವು. ಟಲ್‌ನ ಬೆಟಾಲಿಯನ್ ಇದ್ದ 41ನೆಯ ಡಿವಿಷನ್ ನವೆಂಬರಿನಲ್ಲಿ ಇಟಲಿಗೆ ಸಾಗಿತು.

ಪಿಯಾವೆ ನದಿ ಆಲ್ಪ್ಸ್ ಪರ್ವತಗಳಿಂದ ಇಳಿದು ಬರುವಂಥದು. ಬಯಲಿಗೆ ಬಂದ ಮೇಲೆ ಪಾತ್ರ ಅಗಲವಾಗಿ, ನೀರು ಹಲವು ಕವಲುಗಳಾಗಿ ಒಡೆದು, ನಡುನಡುವೆ ಉರುಟುಕಲ್ಲಿನ ದಿಣ್ಣೆಗಳನ್ನು ಬಿಟ್ಟು ಹರಿಯುತ್ತದೆ. ಒಂದು ದಡದಲ್ಲಿ ಬ್ರಿಟಿಷರು, ಇನ್ನೊಂದು ದಡದಲ್ಲಿ ಆಸ್ಟ್ರಿಯನ್ನರು. 1918ರ ಜನವರಿ 1ರ ರಾತ್ರಿ ಟಲ್ 26 ಜನರ ತುಕಡಿಯೊಂದನ್ನು ಮುನ್ನಡೆಸಿ ಈ ನದಿಯನ್ನು ದಾಟಿದ. ನಡುಚಳಿಗಾಲದ ಕೊರೆಯುವ ನೀರು, ಕಾಲು ನಿಲ್ಲಗೊಡದ ಸೆಳವು, ಸದ್ದಾದರೆ ಎದುರು ದಡದಿಂದ ಗುಂಡು. ಶತ್ರುವಿನ ನೆಲೆಯವರೆಗೆ ಹೋಗಿ, ಒಬ್ಬನನ್ನೂ ಕಳೆದುಕೊಳ್ಳದೆ ಎಲ್ಲರನ್ನೂ ವಾಪಸು ಕರೆತಂದ. ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಈ ಸಂದರ್ಭದಲ್ಲಿ ಟಲ್ ತೋರಿದ ಧೈರ್ಯ ಮತ್ತು ಸಮಚಿತ್ತವನ್ನು ಲಿಖಿತವಾಗಿ ಪ್ರಶಂಸಿಸಿದ. ಬಿಳಿಯ ಸೈನಿಕರು ಕಪ್ಪು ಅಧಿಕಾರಿಯ ಮಾತು ಕೇಳಲಾರರೆಂಬ ವಾದಕ್ಕೆ ಈ 26 ಜನರ ನಡೆಯೇ ಉತ್ತರವಾಯಿತು.

ಸಾವು

1918ರ ಮಾರ್ಚ್‌ನಲ್ಲಿ 41ನೆಯ ಡಿವಿಷನ್ನನ್ನು ಫ್ರಾನ್ಸಿಗೆ ವಾಪಸು ಕರೆಸಿಕೊಳ್ಳಲಾಯಿತು. ರಷ್ಯ ಯುದ್ಧದಿಂದ ಹಿಂದೆ ಸರಿದಿದ್ದರಿಂದ ಜರ್ಮನಿಯ ಪೂರ್ವದ ಸೇನೆ ಬಿಡುವಾಗಿತ್ತು. ಅಮೆರಿಕದ ಪಡೆಗಳು ಪೂರ್ತಿಯಾಗಿ ಬಂದಿಳಿಯುವ ಮುನ್ನ ಯುದ್ಧ ಗೆದ್ದುಬಿಡಬೇಕೆಂದು ಜರ್ಮನಿ ಮಾರ್ಚ್ 21ರಂದು ಭಾರೀ ದಾಳಿ ಆರಂಭಿಸಿತು. ಬ್ರಿಟಿಷ್ ಸಾಲು ಹಲವೆಡೆ ಒಡೆದು, ಸೈನ್ಯ ಕಾದಾಡುತ್ತಲೇ ಹಿಂದಕ್ಕೆ ಸರಿಯಿತು.

ಈ ಹಿಮ್ಮೆಟ್ಟುವಿಕೆಯ ನಡುವೆ, ಮಾರ್ಚ್ 25ರಂದು, ಬಪೋಮ್ ಪಟ್ಟಣಕ್ಕೆ ಸಮೀಪದ ಫಾವ್ರೇ ಬಳಿ ಟಲ್ ಗುಂಡೇಟು ತಿಂದು ಬಿದ್ದ. ಹಿಂದೆ ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರ್ ಆಗಿದ್ದ ಸಿಪಾಯಿ ಟಾಮ್ ಬಿಲ್ಲಿಂಗ್‌ಹ್ಯಾಮ್ ಆತನನ್ನು ಹೊತ್ತು ತರಲು ಯತ್ನಿಸಿದ. ಜರ್ಮನರು ತೀರ ಹತ್ತಿರ ಬಂದದ್ದರಿಂದ ದೇಹವನ್ನು ಅಲ್ಲೇ ಬಿಡಬೇಕಾಯಿತು. ಟಲ್‌ನ ಸಮಾಧಿಯೆಂದು ಗುರುತಿಸಿದ ಜಾಗವಿಲ್ಲ. ಆತನ ಹೆಸರು ಉತ್ತರ ಫ್ರಾನ್ಸಿನ ಅರಾಸ್ ಸ್ಮಾರಕದಲ್ಲಿ, ಸಮಾಧಿಯಿಲ್ಲದ ಸುಮಾರು 35,000 ಸೈನಿಕರ ಹೆಸರುಗಳ ನಡುವೆ ಕೆತ್ತಲ್ಪಟ್ಟಿದೆ.

ಪದಕದ ಪ್ರಶ್ನೆ

ಟಲ್‌ನ ಮರಣದ ನಂತರ ಸಹ ಅಧಿಕಾರಿಯೊಬ್ಬ ಎಡ್ವರ್ಡ್‌ಗೆ ಬರೆದ ಸಾಂತ್ವನ ಪತ್ರದಲ್ಲಿ ವಾಲ್ಟರ್ ಹೆಸರು ಮಿಲಿಟರಿ ಕ್ರಾಸ್ ಪದಕಕ್ಕೆ ಶಿಫಾರಸಾಗಿತ್ತೆಂಬ ಮಾತಿದೆ. ಆ ಪದಕ ಬರಲೇ ಇಲ್ಲ. ಬಣ್ಣದ ಕಾರಣಕ್ಕೆ ತಡೆಹಿಡಿದರೆಂದು ಒಂದು ವಾದ: ಪದಕ ಕೊಟ್ಟಿದ್ದರೆ, ನಿಯಮ ಮೀರಿ ಕಪ್ಪು ಅಧಿಕಾರಿಯನ್ನು ನೇಮಿಸಿದ್ದನ್ನು ಸೇನೆ ಬಹಿರಂಗವಾಗಿ ಒಪ್ಪಿದಂತಾಗುತ್ತಿತ್ತು. ಶಿಫಾರಸಿನ ಮೂಲ ಪತ್ರ ಸಿಕ್ಕಿಲ್ಲವೆಂದೂ, ಶಿಫಾರಸಾದವರೆಲ್ಲರಿಗೂ ಪದಕ ಸಿಗುತ್ತಿರಲಿಲ್ಲವೆಂದೂ ಇನ್ನೊಂದು ವಾದ. ಮರಣೋತ್ತರವಾಗಿ ಪದಕ ಕೊಡಬೇಕೆಂದು ಬ್ರಿಟನ್ನಿನಲ್ಲಿ ಹಲವು ಬಾರಿ ಮನವಿ ಸಲ್ಲಿಕೆಯಾಗಿದೆ. ಒಂದನೆಯ ಮಹಾಯುದ್ಧದ ಪದಕಗಳ ವಿಚಾರವನ್ನು ಹೊಸದಾಗಿ ತೆರೆಯುವುದಿಲ್ಲವೆಂಬುದು ಸರ್ಕಾರದ ನಿಲುವು.

ಮರುಶೋಧ ಮತ್ತು ಸ್ಮರಣೆ

ಯುದ್ಧಾನಂತರ ಟಲ್‌ನ ಹೆಸರು ಬಹುಪಾಲು ಮರೆತುಹೋಯಿತು. ಕುಟುಂಬದವರು ಕಾಪಾಡಿದ್ದ ಪತ್ರಗಳು ಮತ್ತು ಛಾಯಾಚಿತ್ರಗಳು, ಸೇನೆಯ ಕಡತಗಳು, ಹಳೆಯ ಪತ್ರಿಕೆಗಳು ಇವನ್ನು ಜೋಡಿಸಿ ಆತನ ಬದುಕನ್ನು ಮತ್ತೆ ಬೆಳಕಿಗೆ ತಂದವನು ಇತಿಹಾಸಕಾರ ಫಿಲ್ ವಸೀಲಿ. 1999ರಲ್ಲಿ ನಾರ್ತಾಂಪ್ಟನ್ ಟೌನ್ ತನ್ನ ಸಿಕ್ಸ್‌ಫೀಲ್ಡ್ಸ್ ಮೈದಾನದ ಬಳಿ ಸ್ಮಾರಕ ನಿರ್ಮಿಸಿತು. ಅಲ್ಲಿಗೆ ಹೋಗುವ ರಸ್ತೆಗೂ ಟಲ್‌ನ ಹೆಸರಿದೆ. 2008ರಲ್ಲಿ ಕ್ವಾಮೆ ಕ್ವೇ-ಅರ್ಮಾ ಬರೆದ ‘ವಾಲ್ಟರ್ಸ್ ವಾರ್’ ಎಂಬ ಟೆಲಿಚಿತ್ರವನ್ನು ಬಿಬಿಸಿ ಪ್ರಸಾರ ಮಾಡಿತು. ಮಕ್ಕಳ ಲೇಖಕ ಮೈಕೆಲ್ ಮೊರ್ಪರ್ಗೊ 2012ರಲ್ಲಿ ಪ್ರಕಟಿಸಿದ ‘ಎ ಮೆಡಲ್ ಫಾರ್ ಲೆರಾಯ್’ ಕಾದಂಬರಿಗೆ ಟಲ್‌ನ ಬದುಕೇ ಪ್ರೇರಣೆ. ಮಹಾಯುದ್ಧದ ಶತಮಾನೋತ್ಸವದಲ್ಲಿ ಆತನ ಚಿತ್ರವಿರುವ 5 ಪೌಂಡಿನ ನಾಣ್ಯ ಹೊರಬಂದಿತು. 2018ರಲ್ಲಿ ಅಂಚೆಚೀಟಿ ಬಂದಿತು. ಅದೇ ವರ್ಷ ನವೆಂಬರ್ 11ರಂದು ಚಲನಚಿತ್ರ ನಿರ್ದೇಶಕ ಡ್ಯಾನಿ ಬಾಯ್ಲ್ ಬ್ರಿಟನ್ನಿನ ಕಡಲತೀರಗಳ ಮರಳಿನಲ್ಲಿ ಯುದ್ಧದಲ್ಲಿ ಮಡಿದವರ ಬೃಹತ್ ಭಾವಚಿತ್ರಗಳನ್ನು ಬಿಡಿಸುವ ಕಾರ್ಯಕ್ರಮ ಏರ್ಪಡಿಸಿದಾಗ, ಏರ್ ಪಟ್ಟಣದ ತೀರಕ್ಕೆ ಆರಿಸಿದ್ದು ಟಲ್‌ನ ಮುಖವನ್ನು. 2021ರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಆತನ ಹೆಸರು ಸೇರಿತು.

ಮೌಲ್ಯಮಾಪನ

ಟಲ್‌ನ ಕುರಿತ ಜನಪ್ರಿಯ ಬರಹಗಳು ‘ಮೊದಲಿಗ’ ಎಂಬ ಪಟ್ಟಕ್ಕೆ ಹೆಚ್ಚು ಒತ್ತು ಕೊಟ್ಟಿವೆ. ಇಂಗ್ಲೆಂಡಿನ ಮೊದಲ ಕಪ್ಪು ವೃತ್ತಿಪರ ಆಟಗಾರನೆನಿಸಿದ ಗೋಲ್‌ಕೀಪರ್ ಆರ್ಥರ್ ವಾರ್ಟನ್ 1880ರ ದಶಕದಲ್ಲೇ ಕಣಕ್ಕಿಳಿದಿದ್ದ. ವಿಲ್ಲಿ ಕ್ಲಾರ್ಕ್ 1901ರಲ್ಲೇ ಆಸ್ಟನ್ ವಿಲಾ ಪರ ಮೊದಲ ಡಿವಿಷನ್ನಿನಲ್ಲಿ ಗೋಲು ಹೊಡೆದಿದ್ದ. ಅಧಿಕಾರಿಗಳಲ್ಲಿ ಬೆಮಂಡ್ ಮತ್ತು ಕ್ಲೆಮೆಟ್‌ಸನ್ ಟಲ್‌ಗಿಂತ ಮುಂಚಿನವರು. ಹೀಗಾಗಿ ಆ ಪಟ್ಟವನ್ನು ನೆಚ್ಚಿ ಟಲ್‌ನ ಮಹತ್ವವನ್ನು ಅಳೆಯಲಾಗದು.

ಆತನ ಬದುಕು ತೋರಿಸುವುದು ಇನ್ನೊಂದನ್ನು. ಅಂದಿನ ಬ್ರಿಟಿಷ್ ಸಂಸ್ಥೆಗಳು ಪ್ರತಿಭೆಯನ್ನು ಗುರುತಿಸಬಲ್ಲವಾಗಿದ್ದವು. ಗುರುತಿಸಿದವನ ಬೆನ್ನಿಗೆ ನಿಲ್ಲುವಲ್ಲಿ ಹಿಂಜರಿದವು. ಟಾಟನ್‌ಹ್ಯಾಮ್ ಕ್ಲಬ್ ಗರಿಷ್ಠ ಸಂಬಳ ಕೊಟ್ಟು ಕರೆದುಕೊಂಡು, ಒಂದೇ ಋತುವಿನೊಳಗೆ ಮೀಸಲು ತಂಡಕ್ಕೆ ತಳ್ಳಿತು. ಸೇನೆ ತನ್ನದೇ ನಿಯಮ ಮೀರಿ ಅಧಿಕಾರಿಯನ್ನಾಗಿಸಿತು, ಆದರೆ ನಿಯಮವನ್ನು ತಿದ್ದಲಿಲ್ಲ. ಯುದ್ಧ ಮುಗಿದು ಅಧಿಕಾರಿಗಳ ಕೊರತೆ ನೀಗಿದ ಮೇಲೆ ಬಣ್ಣದ ನಿರ್ಬಂಧ ಮತ್ತೆ ಬಿಗಿಯಾಯಿತು. ಅದು ಸಡಿಲಗೊಂಡದ್ದು 1939ರಲ್ಲಿ, ಇನ್ನೊಂದು ಮಹಾಯುದ್ಧಕ್ಕೆ ಅಧಿಕಾರಿಗಳು ಬೇಕಾದಾಗ. ಟಲ್‌ಗೆ ತೆರೆದ ಬಾಗಿಲು ಆತನ ಹಿಂದೆ ಬಂದವರಿಗೆ ತೆರೆದಿರಲಿಲ್ಲ ಎಂಬುದನ್ನು ಸೇರಿಸಿಕೊಂಡೇ ಈ ಚರಿತ್ರೆಯನ್ನು ಓದಬೇಕು.